ಈರಪ್ಪನವರ ಚಪ್ಪಲಿ

ಸಿಟ್ಟು ಬಂದರೆ ಈರಪ್ಪನವರು ಮೊದಲು ಚಪ್ಪಲಿ ಬಿಡುತ್ತಿದ್ದರು. ಮೊದಲ ಭೇಟಿಯಲ್ಲೇ ಅವರು ಬಗ್ಗಿ ಚಪ್ಪಲಿಗೆ ಕೈ ಹಾಕಿದಾಗ, ಸಿಟ್ಟಿಗೆ ಚಿಕಿತ್ಸೆ ಕೊಡುವ ತಜ್ಞನಾದ ನಾನು ಕುರ್ಚಿಸಮೇತ ಗೋಡೆಗೆ ಅಂಟಿಕೊಂಡಿದ್ದೆ.

“ಹೆದರಬ್ಯಾಡ್ರಿ ಸರ. ಬರಿಗಾಲಿಗೆ ನೆಲಾ ತಂಪ ಹತ್ತತದ. ಅಷ್ಟೊತ್ತಿಗೆ ಕೈ ಸುಮ್ಮನಾಗತಾವ,” ಎಂದರು.

ಪುಣೆಯ ಆಸ್ಪತ್ರೆಯೊಂದರಲ್ಲಿ, ಕೋರ್ಟು ಕಳಿಸಿದ ಮನೋರೋಗಿಗಳ ಹೊರರೋಗಿ ವಿಭಾಗ ನನ್ನದು. ಬೆಳಗಾವಿ ಕಡೆಯ ಈರಪ್ಪನವರು ಪುಣೆಯಂಚಿನ ಕಾತ್ರಜದಲ್ಲಿ ಮೆಕ್ಯಾನಿಕ್. ಕಾಯಿಲೆ ಕೆರಳಿದ್ದ ದಿನಗಳಲ್ಲಿ, ಇಲ್ಲದ ದನಿಯೊಂದನ್ನು ನಂಬಿ, ಒಡಹುಟ್ಟಿದ ಅಣ್ಣನ ತಲೆಗೆ ಗ್ಯಾರೇಜಿನ ಸ್ಪ್ಯಾನರಿನಿಂದ ಹೊಡೆದಿದ್ದರು. ಅಣ್ಣ ಬದುಕಿಕೊಂಡರು. ಈಗ ದಿನಾ ಗುಳಿಗೆ, ಗುರುವಾರ ನನ್ನ ಪಾಠ. ನನ್ನ ವರದಿ ನೆಟ್ಟಗಿದ್ದರೆ ಮಾತ್ರ ಅವರು ಮತ್ತೆ ಭೋರ್ ಊರಿನ ಅಣ್ಣನ ಮನೆಯಲ್ಲಿ ಇರಲು ಕೋರ್ಟಿನ ಅನುಮತಿ. ಅಣ್ಣನೋ, ಹಣೆಯ ಮೇಲೆ ಹೊಲಿಗೆಯ ಗುರುತು ಹೊತ್ತು, ಗುರುವಾರ ತಪ್ಪದೆ ಗೇಟಿನಾಚೆಯ ಚಹಾದಂಗಡಿಯಲ್ಲಿ ಕೂತಿರುತ್ತಿದ್ದರು.

“ಬ್ರೇಕ್ ಇರಲಾರದ ಗಾಡಿ ಇಲ್ರಿ ಸರ. ಲೈನರ್ ಸವದಿರ್ತಾವ, ಅಷ್ಟ,” ಎಂದು ಈರಪ್ಪನವರು ನನ್ನ ಅರ್ಧ ಗಂಟೆಯ ಉಪನ್ಯಾಸವನ್ನು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು. ನನಗೆ ಭಾರಿ ಹೊಟ್ಟೆಕಿಚ್ಚು.

ಒಂದು ಗುರುವಾರ ಅಭಿನಯದ ಪಾಠ. ನಾನು ಕೆಣಕಬೇಕು, ಅವರು ತಡೆದುಕೊಳ್ಳಬೇಕು. ಕಾಲೇಜಿನಲ್ಲಿ ನಾಟಕಕ್ಕೆ ಬಹುಮಾನ ಪಡೆದವನು, ಕೇಳಬೇಕೆ! ಗ್ಯಾರೇಜಿನ ಗಿರಾಕಿಯಾಗಿ ಮೇಜು ಗುದ್ದಿ, “ಅಣ್ಣನ ತಲಿ ಒಡದಾಂವ, ನನ್ನ ಗಾಡಿ ಏನ್ ರಿಪೇರಿ ಮಾಡ್ತಿಯೋ?” ಎಂದು ಗರ್ಜಿಸಿದೆ. ಅದು ಪಾಠದಲ್ಲಿ ಇರಲಿಲ್ಲ. ಈರಪ್ಪನವರ ಮುಖ ಕಪ್ಪಿಟ್ಟಿತು. ಚಪ್ಪಲಿ ಬಿಟ್ಟವರೇ ಎದ್ದು ಹೊರಟುಹೋದರು.

ಪ್ರೇಕ್ಷಕನೇ ಎದ್ದು ಹೋದರೆ ನಟನಿಗೆ ಹೇಗಾಗಬೇಡ? ಆ ಉರಿಯಲ್ಲೇ “ಅಸಹಕಾರ, ಚಿಕಿತ್ಸೆಯ ನಡುವೆ ಎದ್ದು ಹೋದರು” ಎಂದು ವರದಿ ಗೀಚಿ, ಕೋರ್ಟಿನ ಟಪಾಲಿಗೆ ಹಾಕಿಸಿಬಿಟ್ಟೆ.

ಹತ್ತು ನಿಮಿಷಕ್ಕೆ ಅವರು ಬರಿಗಾಲಲ್ಲೇ ಬಂದರು. “ಗೇಟಿನ ತನಕ ಹೋಗಿ ಬಂದ್ನಿರಿ ಸರ. ನೀವ ಹೇಳಿದ್ರಲ್ಲ.”

ನನ್ನ ಬೆನ್ನ ಹಿಂದೆ, ನಾನೇ ಮರಾಠಿಯಲ್ಲಿ ದೊಡ್ಡದಾಗಿ ಬರೆದು ಅಂಟಿಸಿದ ಹಾಳೆಯಿತ್ತು: ಸಿಟ್ಟು ಬಂದರೆ ಎದ್ದು ಹೊರಗೆ ನಡೆಯಿರಿ. ಓಡಿಹೋಗಿ ಟಪಾಲನ್ನು ಹಿಂದಕ್ಕೆ ತರಬಹುದಿತ್ತು. ತಜ್ಞನ ಮರ್ಯಾದೆ ಅಡ್ಡ ಬಂತು.

ಅನುಮತಿ ಮೂರು ತಿಂಗಳು ಮುಂದಕ್ಕೆ ಹೋಯಿತು. ಸುದ್ದಿ ಬಂದ ದಿನ ಒಪ್ಪಿಕೊಂಡೆ: “ತಪ್ಪು ನಂದ, ಈರಪ್ಪನವರೇ. ಸಿಟ್ಟಿನಾಗ ಬರದಬಿಟ್ಟೆ.”

ಅವರು ನನ್ನನ್ನೇ ದಿಟ್ಟಿಸಿದರು. ನಿಧಾನವಾಗಿ ಚಪ್ಪಲಿ ಬಿಟ್ಟರು. ಈ ಸಲ ನಾನು ಕುರ್ಚಿ ಸರಿಸಲಿಲ್ಲ. ಒಂದೇಟು ಬಿದ್ದರೂ ನ್ಯಾಯವೇ ಅನ್ನಿಸಿತ್ತು. ಅವರು ಎದ್ದು ಗೇಟಿನವರೆಗೆ ಹೋಗಿ ನಿಂತದ್ದು ಕಿಟಕಿಯಿಂದ ಕಂಡಿತು. ಆಚೆ ಅಣ್ಣ ಗಾಬರಿಯಿಂದ ಎದ್ದರು. ಈರಪ್ಪನವರು ಅವರಿಗೆ ಕೈಸನ್ನೆ ಮಾಡಿ, ತಿರುಗಿ ಬಂದು ನನ್ನೆದುರು ಕೂತರು.

“ಈಗ ಬರೀರಿ ಸರ. ಎದ್ದ ಹೋದಾ, ಹೊಳ್ಳಿ ಬಂದಾ ಅಂತ.”

ಬರೆದೆ, ನನ್ನ ತಪ್ಪನ್ನೂ ಸೇರಿಸಿ. ಅನುಮತಿ ಸಿಕ್ಕಿತು.

ಈಗ ಸಿಟ್ಟು ಬಂದರೆ ನಾನೂ ಬೂಟು ಬಿಚ್ಚುತ್ತೇನೆ. ಲೇಸು ಬಿಡಿಸುವಷ್ಟರಲ್ಲಿ ಸಿಟ್ಟು ಯಾರ ಮೇಲೆ ಎಂಬುದೇ ಮರೆತಿರುತ್ತದೆ.

ಕೊನೆಯ ಗುರುವಾರ ಅಣ್ಣ ಸ್ಕೂಟರು ಚಾಲೂ ಮಾಡಿಕೊಂಡೇ ಗೇಟಿನಲ್ಲಿ ಕಾದಿದ್ದರು. ಈರಪ್ಪನವರು ಚಪ್ಪಲಿ ಮೆಟ್ಟಿಕೊಂಡು ನಡೆದು, ಅಣ್ಣನ ಹಿಂದೆ ಕೂತು ಭೋರ್ ಕಡೆಗೆ ಹೊರಟರು. ಹೊಳ್ಳಿ ಬರಬಾರದೆಂದೇ ಅಷ್ಟೆಲ್ಲ ಬರೆದವನು ನಾನು. ಆದರೂ ಹತ್ತು ನಿಮಿಷ ಕಿಟಕಿಯಲ್ಲೇ ನಿಂತಿದ್ದೆ.