ನೀಲಗಿರಿ ರೈಟರ ಕರ್ಪೂರ ಮರ

ಬಾಳ್ಳುಪೇಟೆಯ ಅಂಗಡಿಯಲ್ಲಿ ಸಾಬರು ಈಗಷ್ಟೇ ಶೀಸೆಯ ಬಿರಡೆ ತೆಗೆದರು ನೋಡಿ, ನೀಲಗಿರಿ ಎಣ್ಣೆಯ ಘಾಟು ನೆತ್ತಿಗೇರಿತು! ನಿಮಗೆ ಅದು ನೆಗಡಿಯ ವಾಸನೆ. ನನಗೋ, ನಮ್ಮ ಕಾಫಿ ಎಸ್ಟೇಟಿನ ಲೆಕ್ಕ ಬರೆಯುತ್ತಿದ್ದ ರೈಟರೇ ಎದುರಿಗೆ ಬಂದು ನಿಂತ ಹಾಗೆ.

ನೀಲಗಿರಿ ಬೆಟ್ಟದ ಕಡೆಯವರಾದ್ದರಿಂದ ಅವರು ಎಲ್ಲರ ಬಾಯಲ್ಲೂ ನೀಲಗಿರಿ ರೈಟರು. ಹಾಜರಿ ಹಾಕುವಾಗ ಕಿವಿಯ ಸಂದಿನಿಂದ ಪೆನ್ಸಿಲ್ ಎಳೆದು, ಮೂಗಿನಲ್ಲೇ "ಹಾಂ, ಬರ್ಕೊಂಡೆ, ಬರ್ಕೊಂಡೆ" ಎನ್ನುವರು. ಸ್ಟೋರಿನಲ್ಲಿ ಕಾಫಿ ಚೀಲ ಹೊಲಿಯುತ್ತಿದ್ದ ನಾನು ಅದನ್ನು ದಿನಕ್ಕೆ ಹತ್ತು ಸಲ ಅಣಕಿಸುತ್ತಿದ್ದೆ. ಮುಖ ಮಂಗನದು, ಗಂಟಲು ಮಾತ್ರ ಊರವರೆಲ್ಲರದು!

ಒಂದು ವರ್ಷ ಕುಯ್ಲು ಮುಗಿದ ಖುಷಿಗೆ ಕಾಫಿ ಕಣದಲ್ಲಿ ಊಟ, ಆಟ. ರೈಟರ ಎದುರಿಗೇ ರೈಟರನ್ನು ಮಾಡಿ ತೋರಿಸುತ್ತೇನೆಂದು ನಮ್ಮ ಕೂಲಿಮನೆಗಳ ಲೈನಿನಲ್ಲೆಲ್ಲ ಡಂಗುರ ಸಾರಿದ್ದೆ. ಹಿಂದಿನ ದಿನ ಗಂಟಲು ಕಟ್ಟಿತು! ಬಾಯಿ ತೆರೆದರೆ ತಿದಿಯ ಗಾಳಿ.

"ಗಿಣಿ ಮೂಕ ಆಗ್ಬುಡ್ತು ಕಣ್ರೋ!" ಎಂದು ಲೈನಿನ ಸಿದ್ದಮ್ಮ ಕೂಗಿ ಹೇಳಿದಳು.

ಸುದ್ದಿ ಕೇಳಿ ಓಡಿಬಂದವರು ಯಾರು? ಸಾಕ್ಷಾತ್ ರೈಟರು, ಕೈಯಲ್ಲಿ ಎಣ್ಣೆ ಶೀಸೆ! ಕುದಿನೀರಿಗೆ ನಾಲ್ಕು ತೊಟ್ಟು ಬಿಟ್ಟು, ಪಾತ್ರೆಯ ಮೇಲೆ ನನ್ನನ್ನು ಬಗ್ಗಿಸಿ, ಕಂಬಳಿ ಹೊದಿಸಿದರು. ಕಣ್ಣು, ಮೂಗು, ಜಂಬ ಎಲ್ಲ ಒಟ್ಟಿಗೇ ಇಳಿಯತೊಡಗಿತು.

ಕಂಬಳಿಯಾಚೆಯಿಂದ ಅವರ ಮಾತು: "ನಮ್ಮೂರಲ್ಲಿ ಈ ಎಣ್ಣೆ ಮರಕ್ಕೆ ಯಾರೂ ನೀಲಗಿರಿ ಅನ್ನಲ್ಲ ಕಣೋ. ಕರ್ಪೂರ ಮರ ಅಂತೀವಿ. ಅಲ್ಲಿಗೂ ಅದು ಬಿಳಿ ದೊರೆಗಳ ಹಡಗಲ್ಲಿ ಬಂದಿದ್ದೇ. ಇಲ್ಲಿಗೆ ಬಂದ ಮೇಲೆ ನೀವು ನಮ್ಮ ಬೆಟ್ಟದ ಹೆಸರು ಕಟ್ಟಿದ್ರಿ. ಮರಕ್ಕೂ, ನನಗೂ."

ನಾನು ಕೆಮ್ಮುತ್ತ ಕಂಬಳಿಯಿಂದ ತಲೆ ಹೊರಹಾಕಿದರೆ, ಅವರು ಮತ್ತೆ ಒಳಗೆ ಒತ್ತಿದರು.

"ನಾಳೆ ನನ್ನ ಸರಿಯಾಗಿ ಮಾಡು ಮಾರಾಯ. ಅರ್ಧಂಬರ್ಧ ಮಾಡ್ಬುಟ್ರೆ ಮರ್ಯಾದೆ ಹೋಗೋದು ನಂದು!"

ಮಾರನೆಯ ದಿನ ದನಿ ಬಂತು! ಕಿವಿಗೆ ಪೆನ್ಸಿಲ್ ಸಿಕ್ಕಿಸಿ ಕಣಕ್ಕಿಳಿದೆ. ಒಬ್ಬೊಬ್ಬರ ಹಾಜರಿ ಹಾಕಿ, ಕೊನೆಗೆ ಬೇಲಿಯಾಚೆಯ ನೀಲಗಿರಿ ಮರದತ್ತ ಕತ್ತೆತ್ತಿ, "ಏ ಕರ್ಪೂರ ಮರ, ಬಂದಿದ್ದೀಯೇನೋ? ಹಾಂ, ಬರ್ಕೊಂಡೆ!" ಎಂದೆ. ಕಣವೆಲ್ಲ ಬಿದ್ದು ಬಿದ್ದು ನಕ್ಕಿತು. ರೈಟರೂ ನಕ್ಕರು, ಆಮೇಲೆ ಕಣ್ಣೊರೆಸಿಕೊಂಡು, "ಎಣ್ಣೆ ಘಾಟು ಕಣ್ರೀ" ಎಂದರು. ಆ ದಿನ ಅವರು ಎಣ್ಣೆಯನ್ನು ಮುಟ್ಟಿಯೇ ಇರಲಿಲ್ಲ.

ಅವರು ತಮ್ಮ ಬೆಟ್ಟಕ್ಕೆ ಮರಳಿ ಮೂರು ಮಳೆಗಾಲ ಕಳೆದಿವೆ. ಈಗ ಸಾಬರು ಬಿರಡೆ ಹಾಕಿ, ಶೀಸೆ ಸುತ್ತುವ ಕಾಗದ ಹುಡುಕಲು ಬೆನ್ನು ತಿರುಗಿಸಿದ್ದೇ ತಡ, ನನ್ನ ಮೂಗು ತಾನಾಗಿ ಮಾತಾಡಿತು: "ಸಾಬ್ರೇ, ಕರ್ಪೂರ ಮರದ ಎಣ್ಣೆ ಇನ್ನೊಂದು ಶೀಸೆ. ಹಾಂ, ಬರ್ಕೊಂಡೆ."

"ಅರೆ, ರೈಟ್ರು! ಯಾವಾಗ ಬಂದ್ರಿ?" ಎನ್ನುತ್ತ ಸಾಬರು ಗಿರಕ್ಕನೆ ತಿರುಗಿದರು.

ಬೇಸ್ತು ಬಿದ್ದವರ ಮುಂದೆ ಚಪ್ಪಾಳೆ ತಟ್ಟಿ ನಗುವುದು ನನ್ನ ಹುಟ್ಟುಗುಣ. ಇವತ್ತು ಕೈ ಏಳಲಿಲ್ಲ.

"ಈಗ್ಲೇ ಬಂದೆ ಸಾಬ್ರೇ," ಎಂದೆ, ರೈಟರದೇ ದನಿಯಲ್ಲಿ.