ಠೇಕಾ ಕೇಳಿಸದ ಬೈಠಕ್

ಧಾರವಾಡದ ಅಕ್ಕೋರ ಮನೆಯ ಪಡಸಾಲೆಯಲ್ಲಿ ವರ್ಷಕ್ಕೊಮ್ಮೆ ಅವರ ಗುರುಗಳ ಪುಣ್ಯತಿಥಿಯ ಸಂಗೀತ ಬೈಠಕ್ ನಡೆಯುತ್ತಿತ್ತು. ನಾನು ಶಾಲೆಯಲ್ಲಿದ್ದಾಗ ಅವರಲ್ಲಿ ಹಾಡು ಕಲಿಯಲು ಸೇರಿದವಳು, ಎಂ.ಎಸ್ಸಿ. ಮುಗಿದ ಮೇಲೂ ಹೋಗುವುದನ್ನು ಬಿಡಲಿಲ್ಲ. ನಾನು ಗಾಯಕಿಯಾಗುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅದರ ಬಗ್ಗೆ ನಾವು ಮಾತಾಡಲಿಲ್ಲ. ಬೈಠಕ್ಕಿನಲ್ಲಿ ಅವರ ಹಿಂದೆ ಕೂತು ತಂಬೂರಿ ನುಡಿಸುವುದು ನನ್ನ ಪಾಲಿಗೆ ಬಂದಿತ್ತು. ಅವರ ಬಲಗಡೆಗೆ ತಬಲಾದ ಕಾಕಾ. ಆ ಜಾಗದಲ್ಲಿ ಬೇರೆ ಯಾರೂ ಕೂತದ್ದನ್ನು ನಾನು ನೋಡಿಲ್ಲ.

ಕಾಕಾ ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಮಗಳ ಮನೆಯಲ್ಲಿದ್ದರು. ಶ್ವಾಸಕೋಶದ ರೋಗ ಹೆಚ್ಚಾಗಿ ಆ ವರ್ಷ ಹಾಸಿಗೆ ಹಿಡಿದರು. ಮೂಗಿಗೆ ಆಕ್ಸಿಜನ್ ನಳಿಗೆ, ಮಂಚದ ಪಕ್ಕದಲ್ಲಿ ಸದಾ ಗುರುಗುಡುವ ಮಷೀನು. ಧಾರವಾಡಕ್ಕೆ ಬರುವ ಮಾತೇ ಇರಲಿಲ್ಲ. ಆಗ ಅಕ್ಕೋರು ಬೈಠಕ್ಕನ್ನು ಲೈವ್ ಮಾಡೋಣ ಎಂದರು.

"ಅಂವಗ ಕೇಳಬೇಕು, ಅಷ್ಟ. ಬಾಕಿದವರು ಕೇಳಿದ್ರ ಕೇಳ್ಲಿ, ಬಿಟ್ರ ಬಿಡ್ಲಿ."

ಬೇರೆ ತಬಲಜಿಯನ್ನು ಕರೆಯಲು ಅವರು ಒಪ್ಪಲಿಲ್ಲ. ಅಕ್ಕೋರು ಇಲ್ಲಿಂದ ಹಾಡುವುದು, ಕಾಕಾ ಅಲ್ಲಿಂದಲೇ ಬಾರಿಸುವುದು ಎಂದು ಮೊದಲು ಪ್ರಯತ್ನಿಸಿದೆವು. ವಿಡಿಯೋ ಕರೆಯಲ್ಲಿ ದನಿ ತಡವಾಗಿ ಮುಟ್ಟುತ್ತದೆ. ಮಾತಿಗೆ ಅದು ತೊಂದರೆಯಲ್ಲ. ಆದರೆ ತಾಳದ ಮೊದಲ ಮಾತ್ರೆಯಾದ ಸಮ್ಮಿನಲ್ಲಿ ಹಾಡೂ ತಬಲಾವೂ ಒಟ್ಟಿಗೆ ಬಂದು ನಿಲ್ಲಬೇಕು. ಅದು ಒಮ್ಮೆಯೂ ಆಗಲಿಲ್ಲ.

"ಅಕ್ಕಾರ, ನಿಮ್ಮ ಸಮ್ ಧಾರವಾಡ ಮುಟ್ಟೇತ್ರಿ. ನಂದಿನ್ನಾ ಹಾದ್ಯಾಗಿನ ನವಲೂರ ದಾಟಿಲ್ಲ," ಅಂದರು ಕಾಕಾ.

"ಯಾವ ಬಸ್ ಹತ್ತೀಯೋ ಉಸ್ತಾದ?"

"ಕೈ ಮಾಡಿದಲ್ಲೆಲ್ಲಾ ನಿಲ್ಲೂದ್ರಿ."

ಕಾಕಾ ನಕ್ಕರು. ನಗು ಕೆಮ್ಮಾಯಿತು, ಮಗಳು ಫೋನು ಆಚೆ ತಿರುಗಿಸಿದಳು. ಕೆಮ್ಮು ನಿಂತ ಮೇಲೆ ಕಾಕಾ ಅಂದರು: "ನಾನ ಮೊದಲ ಬಾರಿಸಿ ಕಳಸ್ತೇನ್ರಿ. ಸ್ಪೀಕರ್ ಡಬ್ಬಿ ಹಚ್ಚಿಕೊಂಡ ಹಾಡ್ರಿ."

"ಡಬ್ಬಿ ಜೋಡಿ ಜಗಳಾಡ್ಲಿಕ್ಕೆ ಬರ್ತದೇನೋ?"

"ನನ್ನ ಜೋಡಿ ಆಡಿದ್ದ ಸಾಕಾಗಿಲ್ಲೇನ್ರಿ?"

ಠೇಕಾ, ಅಂದರೆ ತಾಳ ಹಿಡಿಯುವ ತಬಲಾದ ನುಡಿತ, ತುಣುಕು ತುಣುಕಾಗಿ ನನ್ನ ಫೋನಿಗೆ ಬಂತು. ಮಷೀನಿನ ಸದ್ದು ಸೇರಬಾರದೆಂದು ಬಾರಿಸುವಷ್ಟು ಹೊತ್ತು ಅದನ್ನು ಬಂದ್ ಮಾಡಿಸುತ್ತಿದ್ದರಂತೆ. ಉಸಿರು ಕಟ್ಟಿದಾಗ ನಿಲ್ಲಿಸಿ, ನಳಿಗೆ ಹಾಕಿಸಿಕೊಂಡು, ಮತ್ತೆ ತೆಗೆಸಿ ಬಾರಿಸಿದ್ದರು. ಇದನ್ನು ಹೇಳಿದವಳು ಮಗಳು. "ಬ್ಯಾಡ ಅಂದ್ರ ಕೇಳವಲ್ರು," ಅಂದಳು.

ತುಣುಕುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸುವಾಗ ಕೆಲವು ಕಡೆ ಲಯ ಕೊಂಚ ಹಿಂದೆ ಎಳೆದದ್ದು ಕಂಡಿತು. ದಣಿವಿರಬೇಕೆಂದುಕೊಂಡೆ. ಆದರೂ ಫೋನು ಮಾಡಿ ಕೇಳಿದೆ.

"ಅದನ್ನ ಹಂಗ ಬಿಡ ಬೇಟಾ," ಅಂದರು ಕಾಕಾ. "ಅಲ್ಲೆ ಅಕ್ಕಾರಿಗೆ ಉಸರು ಸಾಲಂಗಿಲ್ಲ. ಭಾಳ ದಿವಸ ಆತು. ಅವರಿಗೆ ಹೇಳಬ್ಯಾಡ."

ನಾನು ಹೇಳಲಿಲ್ಲ.

ಮನೆಯ ಇಂಟರ್ನೆಟ್ ನಂಬುವಂತಿರಲಿಲ್ಲ. ಹುಬ್ಬಳ್ಳಿಯಿಂದ ಮದುವೆಗಳನ್ನು ಲೈವ್ ಮಾಡುವ ಒಬ್ಬರನ್ನು ಕರೆಸಿದೆವು. ಅವರು ಕ್ಯಾಮೆರಾ, ದೀಪ, ಅಕ್ಕೋರ ಮುಂದೆ ಒಂದು ಮೈಕು ಇಟ್ಟು, ಲೈವಿನ ದನಿ ಮತ್ತೆ ಮೈಕಿಗೆ ಸುತ್ತಿಕೊಂಡು ಬರುತ್ತದೆಂದು ನಮ್ಮೆಲ್ಲರ ಫೋನುಗಳನ್ನು ಅಡುಗೆಮನೆಯಲ್ಲಿ ಇಡಿಸಿದರು. ಕಾಕಾ ಕೂರುವ ಜಾಗದಲ್ಲಿ ಅಕ್ಕೋರು ಜಮಖಾನೆಯನ್ನು ಕೈಯಿಂದ ಸರಿಮಾಡಿ ಸ್ಪೀಕರ್ ಡಬ್ಬಿ ಇಟ್ಟರು.

ಅಂದಿನ ಸಂಜೆ ಅವರು ಚೆನ್ನಾಗಿ ಹಾಡಿದರು. ದನಿ ತೆಳುವಾಗುವ ಜಾಗ ಬಂದಾಗ ನಾನು ತಂಬೂರಿ ಹಿಡಿದು ಕಾದೆ. ಡಬ್ಬಿಯ ಠೇಕಾ ತಡೆಯಿತು, ಅವರು ಉಸಿರು ತೆಗೆದುಕೊಂಡರು, ಇಬ್ಬರೂ ಒಟ್ಟಿಗೆ ಸಮ್ಮಿಗೆ ಬಂದರು. ಅಕ್ಕೋರು ಎಂದಿನಂತೆ ಬಲಗಡೆ ತಿರುಗಿ, ನಕ್ಕು, ತಲೆದೂಗಿದರು.

ಬೈಠಕ್ ಮುಗಿದ ಮೇಲೆ ಲೈವ್ ಮಾಡುವವರು ವೈರು ಸುತ್ತುತ್ತ ನನಗೆ ಹೇಳಿದರು: "ಮೇಡಂ, ಫ್ಯಾನಿನ ಗುಂಯ್ ಅನ್ನೂದು ಭಾಳ ಬರಾಕತ್ತಿತ್ರಿ. ಮದವ್ಯಾಗ ಜನರೇಟರ್ ಸೌಂಡ್ ತಗೀತೇವಲ್ಲ, ಹಂಗ ತಗದೇನಿ. ಅದರ ಜೋಡಿ ಲೈವಿನ್ಯಾಗ ಡಬ್ಬಿ ಸೌಂಡೂ ಹೋತು. ಅದೇನ್ ಅಮ್ಮಾರಿಗೆ ಕೇಳ್ಸಾಕಷ್ಟ ಅಲ್ರಿ? ದನಿ ಏನ್ ಕ್ಲಿಯರ್ ಬಂದೈತಿ ನೋಡ್ರಿ."

ಪಡಸಾಲೆಯ ಫ್ಯಾನು ಬಂದ್ ಇತ್ತು. ಗುಂಯ್ ಅಂದದ್ದು ನನ್ನ ತಂಬೂರಿ.

ಅವರು ತಮ್ಮ ಕೆಲಸವನ್ನು ಶ್ರದ್ಧೆಯಿಂದಲೇ ಮಾಡಿದ್ದರು. ನಾನು ಅಡುಗೆಮನೆಗೆ ಹೋಗಿ ಫೋನು ತೆಗೆದುಕೊಂಡು ಕಾಕಾನ ಮಗಳಿಗೆ ಹಚ್ಚಿದೆ.

"ನಮ್ಮ ಅಬ್ಬಾ ಪೂರ್ತಿ ಕೇಳಿದ್ರು," ಅಂದಳು. "ಮೊದಲ ಆವಾಜ್ ಹೆಚ್ಚ ಮಾಡು ಅಂದ್ರು. ನಡಕ ಒಮ್ಮೆ, ಅಕ್ಕಾರ ಬಲಕ್ಕ ನೋಡಿ ನಗತಾರ, ಅಲ್ಲೆ ಯಾರದಾರ ಅಂತ ಕೇಳಿದ್ರು. ಮುಗದ ಮ್ಯಾಲ, ನನ್ನ ಠೇಕಾ ಅಕ್ಕಾರಿಗೆ ಪಸಂದ ಬಿದ್ದಿಲ್ಲ, ಬಿಟ್ಟ ಹಾಡ್ಯಾರ, ಛಲೋನ ಹಾಡ್ಯಾರ ಅಂದ್ರು."

"ಫೋನ್ ಕೊಡ್ರಿ ಅವರಿಗೆ."

"ಮಲಗ್ಯಾರ್ರಿ. ಈಗ ಎಬ್ಬಸಂಗಿಲ್ಲ. ಮುಂಜಾನೆ ಮಾತಾಡ್ರಿ."

ಮುಂಜಾನೆ ಅವರಿಗೆ ಎಚ್ಚರವಿರಲಿಲ್ಲ. ಆಸ್ಪತ್ರೆಗೆ ಸೇರಿಸಿದ್ದರು.

ನಾನು ಲೈವಿನಿಂದ ಅಕ್ಕೋರ ದನಿಯನ್ನು ತೆಗೆದು, ಅದರ ಕೆಳಗೆ ಕಾಕಾ ಕಳಿಸಿದ್ದ ಠೇಕಾ ಹೊಂದಿಸಿದೆ. ಒಂದು ಸಮ್ ಕೂಡಿಸಿದ್ದೇ ಸಾಕಾಯಿತು. ಉಳಿದವು ತಾವಾಗಿಯೇ ಕೂಡುತ್ತ ಹೋದವು. ಅದನ್ನು ಫೋನಿಗೆ ಹಾಕಿಕೊಂಡು ಹುಬ್ಬಳ್ಳಿಯ ಬಸ್ಸು ಹತ್ತಿದೆ. ಏನಾಯಿತೆಂದು ಅಕ್ಕೋರಿಗೆ ಹೊರಡುವ ಮೊದಲು ಹೇಳಿದ್ದೆ. ಅವರು ಯಾರನ್ನೂ ಬೈಯಲಿಲ್ಲ. "ಲಗೂ ಹೋಗು," ಅಂದರು.

ಆಸ್ಪತ್ರೆಯಲ್ಲಿ ಸ್ವಲ್ಪ ಹೊತ್ತು ಒಳಗೆ ಬಿಟ್ಟರು. ಮಗಳು ಅವರ ಕಿವಿಗೆ ಇಯರ್‌ಫೋನ್ ಇಟ್ಟು ಹಿಡಿದಳು. ನಾನು ಬಗ್ಗಿ, "ಕಾಕಾ, ತಬಲಾ ಇತ್ತು. ನಿಮಗ ಕೇಳಿಲ್ಲ ಅಷ್ಟ," ಎಂದೆ. ರೆಕಾರ್ಡು ಹಚ್ಚಿ, ಚಾದರದ ಮೇಲಿದ್ದ ಅವರ ಬಲಗೈ ನೋಡುತ್ತ ನಿಂತೆ. ನಿದ್ದೆಯಲ್ಲಿ, ಬಸ್ಸಿನಲ್ಲಿ, ಊಟಕ್ಕೆ ಕಾಯುವಾಗ, ಆ ಬೆರಳುಗಳು ಸುಮ್ಮನಿದ್ದದ್ದು ನಾನು ಕಂಡಿರಲಿಲ್ಲ. ರೆಕಾರ್ಡು ಮುಗಿಯಿತು. ನರ್ಸು ಹೊರಗೆ ಹೋಗಲು ಹೇಳಿದರು.

ಧಾರವಾಡಕ್ಕೆ ಮರಳಿದಾಗ ಅಕ್ಕೋರು ಮನೆಯ ಬಾಗಿಲಲ್ಲೇ ನಿಂತಿದ್ದರು.

"ಬೆರಳು ಆಡಿದ್ವೇನು?"

"ಇಲ್ರೀ ಅಕ್ಕೋರ."

"ನನ್ನ ಉಸರು ಸಾಲದ ಜಾಗಾದಾಗ ಅಂವಾ ತಡೀತಾನ. ನನಗ ಗೊತ್ತದ," ಅಂದರು. "ಅಂವಗ ಹೇಳಿದ್ದಿಲ್ಲ."

ಕಾಕಾ ಆ ವಾರವೇ ತೀರಿಕೊಂಡರು.

ಲೈವಿನ ವಿಡಿಯೋ ಇನ್ನೂ ಇದೆ. ಕೇಳಿದವರು ಕೆಳಗೆ ದನಿ ಎಷ್ಟು ಸ್ವಚ್ಛವಾಗಿದೆ ಎಂದು ಬರೆದಿದ್ದಾರೆ. ಅದನ್ನು ತೆಗೆದು, ಠೇಕಾ ಸೇರಿಸಿದ್ದನ್ನು ಹಾಕಲೇ ಎಂದು ಅಕ್ಕೋರನ್ನು ಒಂದು ದಿನ ಕೇಳಿದೆ. ಅವರು ಕಡಲೆ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಬ್ಯಾಡ. ಅಂವಾ ಕೇಳಿದ್ದು ಅದನ್ನ. ಬಾಕಿದವರಿಗೆ ಬ್ಯಾರೆ ಯಾಕ?"