ಜಗಳೂರಿನ ಕೌಂಟರಿನಲ್ಲಿ ಫ್ರೆಂಚ್

ಜಗಳೂರಿನ ಮೊಬೈಲ್ ಸೇವಾ ಕೇಂದ್ರದಲ್ಲಿ ನಾನು ಕೌಂಟರ್ ನೋಡಿಕೊಳ್ಳುತ್ತಿದ್ದಾಗ ಕಂಪನಿಯವರು ನಮ್ಮನ್ನೆಲ್ಲ ದಾವಣಗೆರೆಗೆ ಕರೆಸಿ ವಿದೇಶಿ ಭಾಷೆ ಕಲಿಸಿದರು. ಗ್ರಾಹಕರ ಸೇವೆಗೆ ಫ್ರೆಂಚ್, ಜಪಾನಿ, ಸ್ಪ್ಯಾನಿಷ್ ಬಹಳ ಉಪಯೋಗವಂತೆ. ಜಗಳೂರಿಗೆ ಯಾವ ಫ್ರಾನ್ಸಿನವನು ರೀಚಾರ್ಜ್ ಮಾಡಿಸಲು ಬರುತ್ತಾನೋ ಕಾಣೆ. ನಮ್ಮಲ್ಲಿ ಬಂದವರಿಗೆ ಕೂರಲು ಒಂದು ಬೆಂಚಿರಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ನಮ್ಮ ಮ್ಯಾನೇಜರ್ ಮಾತ್ರ ಜಪಾನಿನವರಂತೆ ಸೊಂಟ ಬಗ್ಗಿಸುವುದನ್ನು ಕಲಿತು ಬಂದು ವಾರವಿಡೀ ನಮಗೆ ಬಗ್ಗಿ ಬಗ್ಗಿ ತೋರಿಸಿದ.

ಆ ವಾರವೇ ಬಿಳಿಚೋಡು ಕಡೆಯ ಒಬ್ಬ ಹೆಂಗಸು ಬಂದಳು. ಅವಳ ಸಿಮ್ ಬಂದ್ ಆಗಿತ್ತು. ಗಂಡ ಕುರಿ ಹೊಡೆದುಕೊಂಡು ಹೊನ್ನಾಳಿ ಗದ್ದೆಗಳ ಕಡೆ ಹೋಗಿದ್ದ. ಅವನ ಬಳಿ ಫೋನಿಲ್ಲ. ದಿನಾ ಊಟದ ಹೊತ್ತಿಗೆ ಯಾರದ್ದಾದರೂ ಫೋನು ಇಸಿದುಕೊಂಡು ಈ ನಂಬರಿಗೆ ಮಾಡುತ್ತಿದ್ದ.

“ನಮ್ಮತ್ತೆ ಇವತ್ತೋ ನಾಳೆನೋ ಅನ್ನಂಗೆ ಅದಾಳ್ರಿ. ಮಗನ್ನ ನೋಡಬೇಕು ಅಂತಾಳೆ. ಅವರು ಫೋನ್ ಮಾಡಿದಾಗ ಹೇಳಾಕೆ ಬೇಕು, ಲಗೂನ ಚಾಲೂ ಮಾಡ್ರಿ.”

ಸಿಮ್ ಗಂಡನ ಹೆಸರಲ್ಲಿತ್ತು. ಬಂದವರು ಆ ಹೆಸರನ್ನು ಬಾಯಿಬಿಟ್ಟು ಹೇಳಬೇಕೆಂಬುದು ನಮ್ಮ ಕೇಂದ್ರದ ನಿಯಮ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೆಂಡತಿ ಗಂಡನ ಹೆಸರು ಹಿಡಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆಂದು ನಂಬುವವರು ನಮ್ಮ ಕಡೆ ಇನ್ನೂ ಇದ್ದಾರೆ.

“ಏಳು ಬೆಟ್ಟದ ಮ್ಯಾಲೆ ಕುಂತಾನಲ್ರಿ, ಆ ದೇವ್ರ ಹೆಸರು,” ಎಂದಳು. ಸಾಲಿನಲ್ಲಿದ್ದವರಿಗೆಲ್ಲ ತಿಳಿಯಿತು.

“ಸಾರ್, ನಾನೇ ಓದ್ತೀನಿ, ಅವರು ಹೂಂ ಅಂದ್ರೆ ಸಾಕಲ್ಲ,” ಎಂದೆ.

“ಹಂಗೆಲ್ಲ ಆಗಲ್ಲಮ್ಮ. ಅವರ ಬಾಯಿಂದಾನೇ ಬರಬೇಕು,” ಎಂದ ಮ್ಯಾನೇಜರ್. ಆ ಸೊಂಟ ಅವತ್ತು ಎಳ್ಳಷ್ಟೂ ಬಗ್ಗಲಿಲ್ಲ. ಇಂಥವನಿಗೆ ಹತ್ತು ಭಾಷೆ ಕಲಿಸಿದರೆ ‘ಆಗಲ್ಲ’ ಅನ್ನುವುದನ್ನು ಹತ್ತು ಭಾಷೆಯಲ್ಲಿ ಹೇಳುತ್ತಾನೆ, ಅಷ್ಟೆ. ನನಗೆ ಅವನನ್ನು ಕಂಡರೆ ಈಗಲೂ ಅಸಹ್ಯ.

ಅವಳು ಗೋಡೆಯ ಗಡಿಯಾರ ನೋಡಿದಳು, ಸಾಲಿನಲ್ಲಿದ್ದ ಗಂಡಸರನ್ನು ನೋಡಿದಳು. ಬಹಳ ಹೊತ್ತಾದ ಮೇಲೆ ಕಣ್ಣು ಮುಚ್ಚಿ ಹೆಸರು ಹೇಳಿದಳು. ಮ್ಯಾನೇಜರ್ ಸಲೀಸಾಗಿ ಬಟನ್ ಒತ್ತಿದ. ಸಿಮ್ ಚಾಲೂ ಆಗುವ ವೇಳೆಗೆ ಊಟದ ಹೊತ್ತು ಮೀರಿತ್ತು.

ಗಂಡ ಮತ್ತೆ ಫೋನ್ ಮಾಡಿಯಾನೆಂದು ಅವಳು ಮೆಟ್ಟಿಲ ಮೇಲೆ ಕೂತಳು. ನಾನು ನೀರು ಕೊಡಲು ಹೋದಾಗ ಕೇಳಿದಳು:

“ತಂಗಿ, ಹೆಸರು ಹೇಳಿಬಿಟ್ಟೆ. ಅವರಿಗೆ ಏನಾರ ಆಗತೈತೇನು?”

“ಏನೂ ಆಗಲ್ಲ ಬಿಡಕ್ಕ.”

ಶಟರ್ ಎಳೆಯುವವರೆಗೂ ಫೋನು ರಿಂಗಾಗಲಿಲ್ಲ. ಆಗ ಅವಳು ಅಳುತ್ತಿದ್ದದ್ದು ಅತ್ತೆಗಾಗಿ ಅಲ್ಲ, ಗಂಡನಿಗಾಗಿ.